ಗಂಡಿಗಳ ನಡುವಿನ ಸಂಸ್ಥಾನ

ಬಸ್ಸಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ. ಸಂಡೂರು ಬರುವಷ್ಟರಲ್ಲಿ ನನ್ನ ಬಿಳಿ ಅಂಗಿ ಕಾವಿಯಾಗಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜ ನಕ್ಕು, "ಸಂಡೂರಿಗೆ ಬಿಳಿ ಅಂಗಿ ಹಾಕ್ಕೊಂಡು ಬರ್ತಾರೇನ್ ತಮ್ಮಾ?" ಅಂದ.

ಎರಡೂ ಕಡೆ ಬೆಟ್ಟದ ಸಾಲು, ನಡುವೆ ಉದ್ದನೆಯ ಕಣಿವೆ. ನಾರಿಹಳ್ಳ ಪಶ್ಚಿಮದ ಓಬಳಗಂಡಿಯಲ್ಲಿ ಬೆಟ್ಟ ಸೀಳಿ ಒಳಬಂದು, ಪೂರ್ವದ ಭೀಮಗಂಡಿಯಲ್ಲಿ ಹೊರಬೀಳುತ್ತದೆ. ಸಂಸ್ಥಾನವೆಂದರೆ ಈ ಕಣಿವೆ, ಸುತ್ತಲ ಬೆಟ್ಟ, ಅಷ್ಟೇ: 161 ಚದರ ಮೈಲಿ, 1901ರಲ್ಲಿ ಸುಮಾರು ಹನ್ನೊಂದು ಸಾವಿರ ಜನ. ಮದ್ರಾಸ್ ಪ್ರಾಂತ್ಯದ ಐದು ಸಂಸ್ಥಾನಗಳಲ್ಲಿ ಇದೇ ಚಿಕ್ಕದು. ಇಲ್ಲಿನ ರಾಜನಿಗೆ ಬ್ರಿಟಿಷರ ತೋಪಿನ ಸಲಾಮೂ ಇರಲಿಲ್ಲ.

ಹದಿನೆಂಟನೇ ಶತಮಾನದಲ್ಲಿ ಬೇಡ ಪಾಳೆಯಗಾರನಿಂದ ಕಣಿವೆಯನ್ನು ಕಸಿದುಕೊಂಡವನು ಮರಾಠರ ಸಿದ್ದೋಜಿರಾವ್ ಘೋರ್ಪಡೆ. ಅವನ ಮಗನೇ ಗುತ್ತಿಯ ಮುರಾರಿರಾವ್. ಹೈದರಾಲಿ 1776ರಲ್ಲಿ ಗುತ್ತಿಯನ್ನು ಗೆದ್ದಾಗ ಸಂಡೂರೂ ಹೋಯಿತು. ಕಣಿವೆಯ ಕೃಷ್ಣಾನಗರದ ಕೋಟೆಯನ್ನು ಹೈದರ್ ಶುರುಮಾಡಿದ, ಟಿಪ್ಪು ಮುಗಿಸಿದ.

ಸಂಡೂರು ಮತ್ತೆ ಘೋರ್ಪಡೆ ಮನೆತನಕ್ಕೆ ಬಂದ ಮೇಲಿನ ಕಥೆ ನನಗೆ ಹೆಚ್ಚು ಇಷ್ಟ. ಸಂಡೂರು ತನಗೆ ಸೇರಬೇಕೆಂದು ಎರಡನೇ ಬಾಜಿರಾವ್ ಪೇಶ್ವೆಯ ಹಟ. 1815ರಲ್ಲಿ ಕುಮಾರಸ್ವಾಮಿಯ ದರ್ಶನದ ನೆಪ ಹೇಳಿ ಸೈನ್ಯದ ಸಮೇತ ಬಂದ. ದೇವರಿಗೆ ಕೈಮುಗಿಯಲು ಬರುವವನಿಗೆ ಅಷ್ಟು ಕುದುರೆ ಯಾಕೆ ಬೇಕಿತ್ತೋ! ಕಣಿವೆ ಮಾತ್ರ ದಕ್ಕಲಿಲ್ಲ. ಕೊನೆಗೆ ಅವನ ಪರವಾಗಿ ಕಂಪನಿಯ ಥಾಮಸ್ ಮನ್ರೋ 1817ರಲ್ಲಿ ದಂಡು ತಂದಾಗ, ಆಗಿನ ರಾಜ ಶಿವರಾವ್ ಘೋರ್ಪಡೆ ಕಾದಾಡದೆ ಬಿಟ್ಟುಕೊಟ್ಟ. ಮರುವರ್ಷ ಪೇಶ್ವೆಯೇ ಮುಳುಗಿದ. ಗಿರವಿ ಬಿಡಿಸಿದ ಪಾತ್ರೆಯಂತೆ ಸಂಸ್ಥಾನ ಶಿವರಾವ್‌ನ ಮನೆಗೆ ವಾಪಸ್ ಬಂತು. ಕಾದಾಡಿದ್ದರೆ ಬರುತ್ತಿತ್ತೋ ಇಲ್ಲವೋ.

ಪೇಶ್ವೆ ಹೆಸರು ಹೇಳಿಕೊಂಡು ಬಂದ ಆ ಗುಡಿ ಕಾಡಿನ ನಡುವೆ ಇದೆ. ಪಕ್ಕದಲ್ಲೇ ಅದಕ್ಕಿಂತ ಹಳೆಯ ಪಾರ್ವತಿ ಗುಡಿ, ಬಾದಾಮಿ ಚಾಲುಕ್ಯರ ಕಾಲದ್ದು. ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ಕೂತೆ, ತಣ್ಣಗಿತ್ತು. 1932ರಲ್ಲಿ, ತಿರುವಾಂಕೂರಿನ ದೇವಾಲಯ ಪ್ರವೇಶದ ಘೋಷಣೆಗೆ ನಾಲ್ಕು ವರ್ಷ ಮೊದಲೇ, ಸಂಡೂರಿನ ರಾಜ ತನ್ನ ಗುಡಿಗಳನ್ನು ದಲಿತರಿಗೆ ತೆರೆದ. ಎರಡು ವರ್ಷದ ನಂತರ ಗಾಂಧೀಜಿ ಇಲ್ಲಿಗೆ ಬಂದರು. ದೊಡ್ಡ ಸಂಸ್ಥಾನಗಳ ಗದ್ದಲದಲ್ಲಿ ಈ ಸಂಗತಿ ಹೆಚ್ಚು ಕೇಳಿಸುವುದೇ ಇಲ್ಲ.

1949ರಲ್ಲಿ ಸಂಡೂರು ಮದ್ರಾಸ್ ಪ್ರಾಂತ್ಯದಲ್ಲಿ ಸೇರಿತು, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. ರಾಜಮನೆತನ ಮ್ಯಾಂಗನೀಸ್ ಗಣಿಗೆ ಇಳಿಯಿತು. ಅದೇ ಮನೆಯ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾದರು, ಕಾಡುಪ್ರಾಣಿಗಳ ಫೋಟೋ ತೆಗೆದು ಹೆಸರಾದರು.

ಸಂಜೆ ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಅಂಗಿಯ ತೋಳು ತೊಳೆದೆ. ಕೆಂಪು ನೀರು ಹರಿಯಿತು, ಕಲೆ ಹೋಗಲಿಲ್ಲ.