ತೊಟ್ಟಿಗಿಂತ ಮುಂಚೆ ಪೀಠ: ಅಕ್ವೇರಿಯಂ ಸ್ಟ್ಯಾಂಡ್ ಕಟ್ಟಿದ ಕೆಲಸದ ದಿನಚರಿ

ಮೊದಲ ವಾರ

ಮರಕ್ಕೆ ಗರಗಸ ಇಡುವ ಮೊದಲು ಭಾರದ ಲೆಕ್ಕ ಮುಗಿದಿರಬೇಕೆಂದು ನಿಶ್ಚಯಿಸಿಕೊಂಡಿದ್ದರಿಂದ ಈ ವಾರವೆಲ್ಲ ಕಾಗದದ ಮೇಲಿನ ಕೆಲಸದಲ್ಲಿಯೇ ಕಳೆಯಿತು. ತೊಟ್ಟಿಯ ಉದ್ದ 120 ಸೆಂ.ಮೀ., ಅಗಲ 45, ಎತ್ತರ 50. ಗಾಜು 10 ಮಿ.ಮೀ. ದಪ್ಪದ್ದು. ಗಾಜಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು ಇರುವುದರಿಂದ ಬರಿದಾದ ತೊಟ್ಟಿಯೇ ಸುಮಾರು 55 ಕೆ.ಜಿ. ತೂಗುತ್ತದೆ. ತಳದಲ್ಲಿ 5 ಸೆಂ.ಮೀ. ಮರಳು ಹಾಸಿದರೆ 40 ಕೆ.ಜಿ.ಗೂ ಮಿಕ್ಕಿ ಆಗುತ್ತದೆ. ಕಲ್ಲುಗಳಿಗೆ 15 ಕೆ.ಜಿ. ಹಿಡಿದಿದ್ದೇನೆ, 45 ಸೆಂ.ಮೀ. ಮಟ್ಟದವರೆಗೆ ತುಂಬುವ ನೀರು 220 ಲೀಟರಿನಷ್ಟು, ಅಂದರೆ 220 ಕೆ.ಜಿ. ಸ್ಟ್ಯಾಂಡಿನ ಸ್ವಂತ ತೂಕ 40 ಕೆ.ಜಿ. ಎಂದಿಟ್ಟುಕೊಂಡರೆ ಮೊತ್ತ 370 ಕೆ.ಜಿ. ದಾಟುತ್ತದೆ.

ಈ ಭಾರವೆಲ್ಲ ಅರ್ಧ ಚದರ ಮೀಟರಿಗಿಂತ ಸ್ವಲ್ಪವೇ ಹೆಚ್ಚು ಜಾಗದ ಮೇಲೆ ಕೂರುತ್ತದೆ. ವಾಸದ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕೆ.ಜಿ. ಬಳಕೆಯ ಭಾರ ಹೊರುವಂತೆ ವಿನ್ಯಾಸ ಮಾಡುತ್ತಾರೆ. ತುಂಬಿದ ತೊಟ್ಟಿ ತನ್ನ ಅಡಿಯಲ್ಲಿ ಹೇರುವುದು ಅದರ ಮೂರು ಪಟ್ಟಿಗೂ ಹೆಚ್ಚು. ಆ ಅಂಕಿ ಇಡೀ ಕೋಣೆಗೆ ಹರಡಿದ ಭಾರಕ್ಕೆ ಸಂಬಂಧಿಸಿದ್ದರಿಂದ ಒಂದು ಮೂಲೆಯಲ್ಲಿ ಅದನ್ನು ಮೀರಿದ ಮಾತ್ರಕ್ಕೆ ನೆಲ ಕುಸಿಯುವುದಿಲ್ಲ. ಆದರೂ ಮೇಲಿನ ಮಹಡಿಯಲ್ಲಿ ಇಡುವುದಾದರೆ ತಿಳಿದ ಎಂಜಿನಿಯರರನ್ನು ಕೇಳದೆ ಮುಂದುವರಿಯಬಾರದು ಎಂಬುದು ನನ್ನ ಅಭಿಪ್ರಾಯ. ನನ್ನ ಜಾಗ ನೆಲಮಹಡಿಯಲ್ಲಿ, ಮಣ್ಣಿನ ಮೇಲೆ ನೇರವಾಗಿ ಕೂತ ಕಾಂಕ್ರೀಟಿನ ಮೇಲಿದೆ. ಕಿಟಕಿಯ ಬಿಸಿಲು ತಾಗದ ಗೋಡೆ, ಬಾಗಿಲು ತೆರೆದಾಗ ತಗಲದಷ್ಟು ದೂರ, ಹಿಂದೆ ಕೈ ಹಾಗೂ ಕೊಳವೆಗಳು ಹೋಗಲು 10 ಸೆಂ.ಮೀ. ಬಿಡುವು, ಇಷ್ಟನ್ನು ಗುರುತು ಮಾಡಿಕೊಂಡೆ.

ಎರಡನೆಯ ವಾರ

ಚೌಕಟ್ಟಿಗೆ 4 ಸೆಂ.ಮೀ. ದಪ್ಪ, 9 ಸೆಂ.ಮೀ. ಅಗಲದ ಒಣಗಿದ ಮರದ ಪಟ್ಟಿಗಳನ್ನು ಆರಿಸಿದೆ. ಈ ಕೆಲಸದಲ್ಲಿ ನಾನು ಪಟ್ಟಾಗಿ ಹಿಡಿದ ನಿಯಮವೆಂದರೆ ಭಾರವು ಮರದಿಂದ ಮರಕ್ಕೆ ಇಳಿಯಬೇಕೇ ಹೊರತು ಸ್ಕ್ರೂಗಳ ಮೇಲೆ ತೂಗಬಾರದು ಎಂಬುದು. ಮೇಲಿನ ಚೌಕಟ್ಟನ್ನು ಕಾಲುಗಳ ಪಕ್ಕಕ್ಕೆ ಸ್ಕ್ರೂಗಳಿಂದ ಬಿಗಿದು ನಿಲ್ಲಿಸಿದರೆ ಅಷ್ಟೂ ತೂಕವನ್ನು ಬೆರಳೆಣಿಕೆಯ ಉಕ್ಕಿನ ಕಡ್ಡಿಗಳು ಹೊರಬೇಕಾಗುತ್ತದೆ. ಚೌಕಟ್ಟು ಕಾಲುಗಳ ತಲೆಯ ಮೇಲೆಯೇ ಕೂತರೆ ಮರ ತನ್ನ ಎಳೆಯ ಉದ್ದಕ್ಕೆ ಒತ್ತಡ ತಾಳುತ್ತದೆ, ಮತ್ತು ಮರ ಅತ್ಯಂತ ಗಟ್ಟಿಯಾಗಿರುವುದು ಆ ದಿಕ್ಕಿನಲ್ಲಿಯೇ. ಸ್ಕ್ರೂ ಮತ್ತು ಅಂಟಿನ ಕೆಲಸ ತುಂಡುಗಳು ಸರಿಯದಂತೆ ಹಿಡಿದಿಡುವುದಷ್ಟೇ.

ನಾಲ್ಕು ಕಾಲು ಸಾಕೇ, ಆರು ಬೇಕೇ ಎಂಬ ಪ್ರಶ್ನೆಗೆ ಎರಡು ಸಂಜೆಗಳನ್ನು ಕೊಟ್ಟೆ. ನಾಲ್ಕೇ ಕಾಲುಗಳಿದ್ದರೆ ಮುಂದಿನ ಉದ್ದಪಟ್ಟಿ ತನ್ನ ಪಾಲಿನ ಭಾರಕ್ಕೆ ನಡುವಿನಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಬಾಗುತ್ತದೆ ಎಂದು ಲೆಕ್ಕ ತೋರಿಸಿತು. ಮರಕ್ಕೆ ಸತತ ಭಾರದಡಿ ವರ್ಷಗಳಲ್ಲಿ ಇನ್ನಷ್ಟು ಬಾಗುವ ಸ್ವಭಾವವೂ ಇದೆ. ಆಧಾರಗಳ ನಡುವಿನ ಅಂತರವನ್ನು ಅರ್ಧಕ್ಕಿಳಿಸಿ ನೋಡಿದಾಗ, ಮೀಟರಿಗೆ ಬೀಳುವ ಭಾರ ಅಷ್ಟೇ ಇದ್ದರೂ, ಬಾಗು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯಿತು. ನಡುಗಾಲಿನಿಂದ ಮುಂಭಾಗ ಎರಡು ಕಿಂಡಿಗಳಾಗಿ ಒಡೆಯುವುದೇನೋ ನಿಜ, ಆದರೆ ಪ್ರತಿಯೊಂದೂ 50 ಸೆಂ.ಮೀ.ಗಿಂತ ಅಗಲವಾಗಿದ್ದು ಫಿಲ್ಟರ್ ಡಬ್ಬಿ ಸರಾಗವಾಗಿ ಹೋಗುತ್ತದೆ. ಆರು ಕಾಲುಗಳೆಂದೇ ತೀರ್ಮಾನವಾಯಿತು. ಕಾಲುಗಳ ಅಡಿಗೂ ಅದೇ ಪಟ್ಟಿಯ ಚೌಕಟ್ಟನ್ನು ಅಡ್ಡ ಮಲಗಿಸಿ ಕೊಟ್ಟಿದ್ದೇನೆ.

ಜೋಡಿಸುವಾಗ ಮೂಲೆಮಟ್ಟವನ್ನೊಂದೇ ನಂಬದೆ ಕರ್ಣಗಳನ್ನೂ ಅಳೆದದ್ದು ಒಳ್ಳೆಯದಾಯಿತು. 120ಕ್ಕೆ 45ರ ಚೌಕಟ್ಟಿನಲ್ಲಿ ಎರಡು ಕರ್ಣಗಳೂ 128.2 ಸೆಂ.ಮೀ. ಬರಬೇಕು, ನನಗೆ ಒಂದು 128.6, ಇನ್ನೊಂದು 127.8 ಬಂದವು. ಅಂಟು ಹಸಿಯಿದ್ದಾಗಲೇ ಉದ್ದದ ಕರ್ಣಕ್ಕೆ ಹಿಡಿಕೆ (ಕ್ಲ್ಯಾಂಪ್) ಹಾಕಿ ಎಳೆದು ಸಮ ಮಾಡಿದೆ. ಹಿಂಬದಿಗೆ ಪೂರ್ತಿಯಾಗಿ 12 ಮಿ.ಮೀ. ಪ್ಲೈವುಡ್ ಹೊಡೆದಾಗ, ಅದುವರೆಗೆ ಪಕ್ಕಕ್ಕೆ ತಳ್ಳಿದರೆ ತೂಗಾಡುತ್ತಿದ್ದ ಚೌಕಟ್ಟು ಬಂಡೆಯಂತೆ ನಿಂತಿತು. ಇಂಥ ಸ್ಟ್ಯಾಂಡುಗಳಲ್ಲಿ ಕಾಲುಗಳು ನಜ್ಜುಗುಜ್ಜಾಗುವ ಭಯಕ್ಕಿಂತ ಪಕ್ಕಕ್ಕೆ ವಾಲುವ ಭಯವೇ ಹೆಚ್ಚು, ಅದನ್ನು ತಡೆಯುವುದು ಈ ಹಾಳೆ. ಮೇಲೆ 18 ಮಿ.ಮೀ. ಪ್ಲೈವುಡ್ ಹಾಸಿದೆ.

ಮೂರನೆಯ ವಾರ

ಪಾಲಿಯುರೆಥೇನ್ ವಾರ್ನಿಷ್ ಮೂರು ಸಲ ಬಳಿದು, ಪ್ರತಿ ಸಲವೂ ಒಣಗಲು ಬಿಟ್ಟು, ನಡುವೆ ನಯವಾದ ಉಜ್ಜುಕಾಗದ ಹಿಡಿದೆ. ಮರ ನೀರು ಹೀರುವುದು ಹೆಚ್ಚಾಗಿ ಕೊಯ್ದ ತುದಿಗಳಲ್ಲಿ ಆದ್ದರಿಂದ ಕಾಲುಗಳ ತುದಿಗಳಿಗೆ ಜೋಡಿಸುವ ಮೊದಲೇ ಬಳಿದಿದ್ದರೆ ಚೆನ್ನಾಗಿತ್ತು. ಈಗ ಸಂದುಗಳಿಗೆ ಸಿಲಿಕೋನ್ ತುಂಬಿದ್ದೇನೆ.

ನಾಲ್ಕನೆಯ ವಾರ

ಸ್ಟ್ಯಾಂಡನ್ನು ಜಾಗಕ್ಕೆ ತಂದಿಟ್ಟ ದಿನವೇ ಈ ಕೆಲಸದ ತಿರುಳು ನನಗೆ ಅರ್ಥವಾದದ್ದು. ಮಟ್ಟವಾಗಿರುವುದು ಬೇರೆ, ಸಮತಲವಾಗಿರುವುದು ಬೇರೆ. ತೊಟ್ಟಿ ಒಂದು ಕಡೆಗೆ 2 ಮಿ.ಮೀ. ವಾಲಿದ್ದರೂ ಅದರ ತಳ ಒಂದೇ ಸಮತಲದಲ್ಲಿ ಕೂತಿದ್ದರೆ ನೀರಿನ ಗೆರೆ ಕಣ್ಣಿಗೆ ಕೆಡುತ್ತದೆಯೇ ವಿನಾ ಗಾಜಿಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಆದರೆ ಮೂರು ಮೂಲೆಗಳು ಒಂದು ಸಮತಲದಲ್ಲಿದ್ದು ನಾಲ್ಕನೆಯದು ತಪ್ಪಿದರೆ ತೊಟ್ಟಿ ತಿರುಚಿಕೊಳ್ಳಲು ನೋಡುತ್ತದೆ. ಗಾಜು ಬಾಗಲು ಒಪ್ಪದು, ಆ ಎಳೆತವನ್ನೆಲ್ಲ ಸಿಲಿಕೋನ್ ಸಂದುಗಳೇ ತಿನ್ನಬೇಕು. ನೀರು ತುಂಬಿದಾಗ ಮುಂದಿನ ಗಾಜೊಂದರ ಮೇಲೆಯೇ ಸುಮಾರು 120 ಕೆ.ಜಿ. ತೂಕಕ್ಕೆ ಸಮನಾದ ಬಲ ಹೊರಕ್ಕೆ ಒತ್ತುತ್ತಿರುತ್ತದೆ. ಅದನ್ನು ತಡೆದು ನಿಂತ ಸಂದಿಗೆ ಇನ್ನೊಂದು ಹೊರೆ ಸೇರಿಸುವುದು ಸಲ್ಲದು.

ಮೊದಲು ರಸಮಟ್ಟವನ್ನೇ ಪರೀಕ್ಷಿಸಿದೆ: ಒಂದು ಜಾಗದಲ್ಲಿಟ್ಟು ಗುಳ್ಳೆ ನಿಂತ ಸ್ಥಳ ನೋಡಿ, ತುದಿ ತಿರುಗಿಸಿ ಅಲ್ಲೇ ಇಟ್ಟಾಗಲೂ ಗುಳ್ಳೆ ಅದೇ ಕಡೆಗೆ ಅಷ್ಟೇ ಸರಿದು ನಿಂತರೆ ಉಪಕರಣ ಸರಿಯಿದೆ ಎಂದರ್ಥ. ನೆಲದ ಮೂಲೆಗಳನ್ನು ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಅಳೆದೆ. ಒಳಗೆ ಗಾಳಿಯ ಗುಳ್ಳೆ ಇಲ್ಲದಿದ್ದರೆ ಅದಕ್ಕಿಂತ ನಿಷ್ಠವಾದ ಸಾಧನವಿಲ್ಲ. ಎತ್ತರದ ಮೂಲೆಯಾದ ಎಡಹಿಂದಿಗೆ ಹೋಲಿಸಿದರೆ ಎಡಮುಂದು 2 ಮಿ.ಮೀ., ಬಲಹಿಂದು 4, ಬಲಮುಂದು 9 ಮಿ.ಮೀ. ತಗ್ಗಿದ್ದವು. ನೆಲ ಬರೀ ಇಳಿಜಾರಾಗಿದ್ದರೆ ಕೊನೆಯ ಅಂಕಿ 2 ಮತ್ತು 4 ಸೇರಿ 6 ಆಗಬೇಕಿತ್ತು. ಉಳಿದ 3 ಮಿ.ಮೀ. ನೆಲದ ತಿರುಚು.

ಬೆಣೆಗಳನ್ನು ಸ್ಟ್ಯಾಂಡಿನ ಅಡಿಗೆ ಕೊಡಬೇಕು, ತೊಟ್ಟಿ ಮತ್ತು ಸ್ಟ್ಯಾಂಡಿನ ನಡುವೆ ಎಂದಿಗೂ ಕೊಡಬಾರದು. ಇದನ್ನು ತಿಳಿದಿದ್ದೂ ನಾನೊಂದು ತಪ್ಪು ಮಾಡಿದೆ. ತಗ್ಗಿದ್ದ ಮೂರು ಮೂಲೆಗಳಿಗೆ ಗಟ್ಟಿ ಪ್ಲಾಸ್ಟಿಕ್ ಬೆಣೆ ಕೊಟ್ಟು, ಗುಳ್ಳೆ ನಡುವೆ ನಿಂತದ್ದು ಕಂಡು ಕೆಲಸ ಮುಗಿಯಿತೆಂದುಕೊಂಡೆ. ತೊಟ್ಟಿ ಇಡುವ ಮೊದಲು 20 ಲೀಟರಿನ 12 ನೀರಿನ ಡಬ್ಬಗಳನ್ನು ಮೇಲೆ ಹೇರಿ, ಮುಂದಿನ ಪಟ್ಟಿಯ ತುದಿಯಿಂದ ತುದಿಗೆ ದಾರ ಬಿಗಿದು ನೋಡಿದಾಗ ನಡುವೆ ಸುಮಾರು 1 ಮಿ.ಮೀ. ಬಾಗು ಕಂಡಿತು. ಕಾರಣ ಸರಳವಾಗಿತ್ತು: ನಡುಗಾಲಿನ ಅಡಿಯಲ್ಲಿ ನೆಲಕ್ಕೂ ಚೌಕಟ್ಟಿಗೂ 6 ಮಿ.ಮೀ. ಬಿಡುವಿತ್ತು, ಹಾಗಾಗಿ ಅಷ್ಟು ಯೋಚಿಸಿ ಸೇರಿಸಿದ ಕಾಲು ಏನನ್ನೂ ಹೊರುತ್ತಿರಲಿಲ್ಲ. ಡಬ್ಬಗಳನ್ನು ಇಳಿಸಿ, ಆರೂ ಕಾಲುಗಳ ನೇರ ಕೆಳಗೆ, ಕಾಲಿನ ಪೂರ್ತಿ ಅಗಲಕ್ಕೆ ಸಿಗುವಂತೆ ಬೆಣೆಗಳನ್ನು ಜೋಡಿಯಾಗಿ ಎದುರುಬದುರು ಹೊಡೆದೆ. ಮತ್ತೆ ಹೇರಿದಾಗ ದಾರ ಪಟ್ಟಿಯನ್ನು ಉದ್ದಕ್ಕೂ ಸವರಿಕೊಂಡಿತ್ತು. ಆ ಕ್ಷಣದ ಸಮಾಧಾನ ದೊಡ್ಡದು.

ಸಮತಲ ನೋಡಲು ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಅಡ್ಡಲಾಗಿ ಬಿಗಿದೆ. ಅವು ನಡುವೆ ಒಂದನ್ನೊಂದು ಮುಟ್ಟಿಯೂ ಒತ್ತದಂತೆ ಹಾಯಬೇಕು. ಆಮೇಲೆ ಮೇಲಿನ ದಾರವನ್ನು ಕೆಳಗೆ ಮಾಡಿ ಮತ್ತೊಮ್ಮೆ ನೋಡಬೇಕು, ಏಕೆಂದರೆ ಒತ್ತಿ ಬಾಗಿದ ದಾರವೂ ಮುಟ್ಟಿದಂತೆಯೇ ಕಾಣುತ್ತದೆ. ಮೇಲಿನ ಹಲಗೆಯ ಮೇಲೆ ನೇರವಾದ ಲೋಹದ ಪಟ್ಟಿಯಿಟ್ಟು ಅದರಡಿ ಕಾಗದದ ಚೂರು ತೂರಿಸಿದಾಗ ಒಂದೇ ಕಡೆ, ಬಲತುದಿಯಲ್ಲಿ, ಅದು ಹೊಕ್ಕಿತು. ಪಕ್ಕದಲ್ಲಿ ಉಬ್ಬಿ ಪಟ್ಟಿಯನ್ನು ಎತ್ತಿ ಹಿಡಿದಿದ್ದ ವಾರ್ನಿಷನ್ನು ಕೆರೆದು ಸಮ ಮಾಡಿದೆ.

ಐದನೆಯ ವಾರ

ನನ್ನ ತೊಟ್ಟಿಯ ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವಂಥದ್ದು, ಆದ್ದರಿಂದ ಅಡಿಗೆ 6 ಮಿ.ಮೀ. ಫೋಮ್ ಹಾಳೆ ಹಾಸಿದೆ. ಸುತ್ತ ಪ್ಲಾಸ್ಟಿಕ್ ಅಂಚಿನ ಮೇಲೆ ನಿಲ್ಲುವ ತೊಟ್ಟಿಗಳಿಗೆ ಈ ಹಾಳೆ ಹಾಸಬಾರದು. ಅಲ್ಲಿ ಭಾರ ಅಂಚಿನ ಮೂಲಕವೇ ಇಳಿಯುವಂತೆ ತೊಟ್ಟಿಯನ್ನು ಮಾಡಿರುತ್ತಾರೆ, ಫೋಮ್ ಉಬ್ಬಿ ನಡುಗಾಜನ್ನು ಕೆಳಗಿನಿಂದ ಒತ್ತಬಹುದು. ಫೋಮ್ ಮರಳಿನ ಕಣದಂಥ ಚಿಕ್ಕ ಉಬ್ಬನ್ನು ನುಂಗಿಕೊಳ್ಳುತ್ತದೆ, ತಿರುಚಿದ ಪೀಠವನ್ನು ಸರಿಪಡಿಸುವುದಿಲ್ಲ.

ನೀರನ್ನು ನಾಲ್ಕು ಕಂತುಗಳಲ್ಲಿ ತುಂಬಿ, ಪ್ರತಿ ಕಂತಿನ ನಂತರ ಅರ್ಧ ಗಂಟೆ ಕಾದು, ತೊಟ್ಟಿಯ ಅಂಚಿನಿಂದ ನೀರಿನವರೆಗಿನ ಅಂತರವನ್ನು ಉಕ್ಕಿನ ಅಳತೆಪಟ್ಟಿಯಿಂದ ನಾಲ್ಕೂ ಮೂಲೆಗಳಲ್ಲಿ ಅಳೆದೆ. ಅರ್ಧ ತುಂಬಿದಾಗ ಬಲಮುಂದಿನ ಮೂಲೆ 1 ಮಿ.ಮೀ. ತಗ್ಗಿತು. ತುಂಬಿದ ತೊಟ್ಟಿಯಡಿ ಬೆಣೆ ಹೊಡೆಯುವುದು ಅಪಾಯವೆಂದು ನೀರನ್ನು ಪೂರ್ತಿ ಇಳಿಸಿ, ತೊಟ್ಟಿಯನ್ನು ಎತ್ತಿಟ್ಟು, ಆ ಕಾಲಿನ ಬೆಣೆಯನ್ನು ಬಿಗಿಗೊಳಿಸಿ ಮೊದಲಿನಿಂದ ತುಂಬಿದೆ. ಒಂದು ದಿನವೇ ಹೋಯಿತು, ಆದರೆ ಬೇರೆ ದಾರಿ ಇರಲಿಲ್ಲ.

ಪೂರ್ತಿ ತುಂಬಿ ಇಂದಿಗೆ ಏಳು ದಿನ. ಹಿಂದಿನ ಎರಡು ಮೂಲೆಗಳಲ್ಲಿ ಅಂತರ 50 ಮಿ.ಮೀ., ಎಡಮುಂದಿನಲ್ಲಿ 50, ಬಲಮುಂದಿನಲ್ಲಿ 49.5, ಮೊದಲ ದಿನಕ್ಕೂ ಇಂದಿಗೂ ಇದರಲ್ಲಿ ವ್ಯತ್ಯಾಸವಿಲ್ಲ. ಸಂದುಗಳಿಗೆ ಒಣ ಕಾಗದ ಒತ್ತಿ ನೋಡಿದಾಗ ತೇವ ಹತ್ತಲಿಲ್ಲ. ಹೊರಬಂದಿದ್ದ ಬೆಣೆಯ ತುದಿಗಳನ್ನು ಕತ್ತರಿಸಿ, ತಂತಿಗಳನ್ನು ಪ್ಲಗ್ಗಿಗಿಂತ ಕೆಳಕ್ಕೆ ಇಳಿಬಿಟ್ಟು ಮೇಲೇರಿಸಿದ್ದೇನೆ, ಜಾರಿದ ಹನಿ ಆ ಬಾಗಿನಲ್ಲಿಯೇ ತೊಟ್ಟಿಕ್ಕಲಿ ಎಂದು. ನಾಳೆ ನೀರಿಳಿಸಿ ಮರಳು ಹಾಸಬೇಕು. ಮರಳು ಮತ್ತು ಕಲ್ಲು ನೀರಿನ ಜಾಗ ಹಿಡಿದರೂ ಒಟ್ಟು ಭಾರಕ್ಕೆ ಇನ್ನೂ 35 ಕೆ.ಜಿ.ಗಿಂತ ಹೆಚ್ಚು ಸೇರುವುದರಿಂದ, ಮತ್ತೆ ತುಂಬಿದ ಮೇಲೆ ನಾಲ್ಕೂ ಮೂಲೆಗಳನ್ನು ಇನ್ನೊಂದು ವಾರ ಅಳೆದು ಇಲ್ಲಿಯೇ ಬರೆಯುತ್ತೇನೆ.