ಪೆನ್ಸಿಲ್ ಹಿಡಿದು ಹಸಿವಿನ ಹಿಂದೆ

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು (1965) ನಾನು ಮೊದಲು ಓದಿದ್ದು ಬಿ.ಎ.ಯಲ್ಲಿ. ಪರೀಕ್ಷೆಯಲ್ಲಿ ನೋಟ್ಸಿನಲ್ಲಿದ್ದಂತೆ ಸಂಪ್ರದಾಯ, ಆಧುನಿಕತೆ, ಅಸ್ತಿತ್ವವಾದ ಅಂತ ಬರೆದರೆ ಅಂಕ ಬರುತ್ತಿತ್ತು. ಬರೆದೆ, ಬಂತು, ಮರೆತೆ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಮುಂಬೈಯಿಂದ ಮಾವ ಬರುವ ತನಕ ಒಲೆ ಹಚ್ಚುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಚುರುಗುಟ್ಟತೊಡಗಿತು. ಅಜ್ಜಿ ನಡುಮನೆಯಲ್ಲಿ ಮಲಗಿದ್ದಾರೆ, ನನಗೆ ಅನ್ನದ ಯೋಚನೆ. ಪಕ್ಕದ ಮನೆಯ ಅತ್ತೆ ಹಿತ್ತಿಲಿಗೆ ಕರೆದು ಎರಡು ಬಿಸ್ಕತ್ ಕೊಟ್ಟರು. ತಿಂದೆ. ತಿಂದು ಅತ್ತುಬಿಟ್ಟೆ.

ತಿಥಿ ಮುಗಿದ ಮೇಲೆ ಆ ಪುಸ್ತಕ ಮತ್ತೆ ತೆಗೆದೆ. ಈ ಸಲ ಹಸಿವು, ಊಟದ ಮಾತು ಬಂದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾ ಹೋದೆ. ಬೇರೇನೂ ಹುಡುಕಲಿಲ್ಲ.

ಎಷ್ಟೊಂದು ಗೆರೆ! ದೂರ್ವಾಸಪುರ ಅನ್ನೋ ಬ್ರಾಹ್ಮಣರ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಅವನ ಸಂಸ್ಕಾರ ಯಾರು ಮಾಡಬೇಕು ಅಂತ ತೀರ್ಮಾನವಾಗಿಲ್ಲ, ಹೆಣ ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಅಗ್ರಹಾರದ ದಾಸಾಚಾರ್ಯ ಹಸಿವು ತಾಳಲಾರದೆ ಪಕ್ಕದ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ತಿನ್ನುತ್ತಾನೆ. ಕಾಲೇಜಿನಲ್ಲಿ ಅವನು ನನಗೆ ಬರೀ ಹೊಟ್ಟೆಬಾಕ. ಈಗ ಅವನ ಪಕ್ಕದಲ್ಲೇ ಕೂತ ಹಾಗಾಯಿತು. ಕಾಡಿನ ಕತ್ತಲೆಯಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ, ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಬಾಳೆಹಣ್ಣು ಕೊಡುವುದನ್ನೂ ಆಗ ಗಮನಿಸಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಕಡೆ. ಆ ರಾತ್ರಿಯೇ ಚಂದ್ರಿ, ಮೀನು ವ್ಯಾಪಾರದ ಅಹಮದ್ ಬ್ಯಾರಿಯ ಸಹಾಯದಿಂದ ಹೆಣ ಸುಟ್ಟುಬಿಡುತ್ತಾಳೆ. ಅಗ್ರಹಾರದವರಿಗೆ ಅದು ಗೊತ್ತೇ ಇಲ್ಲ. ಹೆಣ ಅಲ್ಲೇ ಇದೆ ಅಂದುಕೊಂಡು ಉಪವಾಸ ಮುಂದುವರಿಸುತ್ತಾರೆ, ಶಾಸ್ತ್ರ ಕೇಳಿಕೊಂಡು ಊರೂರು ಅಲೆಯುತ್ತಾರೆ. ಹಸಿವಿಗೆ ಇದ್ದ ಕಾರಣವೇ ಬೂದಿಯಾಗಿದೆ, ಹಸಿವು ಉಳಿದಿದೆ. ಓದುವ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಲೇಖಕರು ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಸುಮ್ನೆ ಆ ಘಟನೆಯನ್ನು ಅಲ್ಲಿಟ್ಟು ಮುಂದೆ ಹೋಗುತ್ತಾರೆ. ನೋಟ್ಸಿನ ಆ ಮೂರು ಪದಗಳಿಗಿಂತ ಇದು ಎಷ್ಟು ಜಾಸ್ತಿ ಹೇಳುತ್ತೆ, ಅಲ್ವಾ?

ಅದಕ್ಕೇ ಈಗ ಯಾವ ಕಾದಂಬರಿ ಓದಿದರೂ ಎರಡನೇ ಸಲ ಒಂದೇ ಎಳೆ ಹಿಡಿಯುತ್ತೇನೆ. ಊಟ, ದುಡ್ಡು, ಬಟ್ಟೆ, ಯಾವುದಾದರೂ ಸರಿ, ಕೈಗೆ ಸಿಗುವಂಥದ್ದು. ಎಳೆ ಎಲ್ಲಿ ಗಂಟಾಗುತ್ತದೋ ಅಲ್ಲಿ ಪುಸ್ತಕ ಮಡಚಿ ಯೋಚಿಸುತ್ತೇನೆ.

‘ಸಂಸ್ಕಾರ’ದ ಕೊನೆಯ ಭಾಗದಲ್ಲಿ ಪ್ರಾಣೇಶಾಚಾರ್ಯರು ಮೇಳಿಗೆಯ ಜಾತ್ರೆಗೆ ಬರುತ್ತಾರೆ. ಹೆಂಡತಿ ಸತ್ತ ಸೂತಕ ಇನ್ನೂ ಕಳೆದಿಲ್ಲ. ಆದರೂ ದೇವಸ್ಥಾನದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರುತ್ತಾರೆ. ಆ ಪುಟದ ಅಂಚಿನಲ್ಲಿ ನಾನು ‘ಬಿಸ್ಕತ್’ ಅಂತ ಬರೆದಿದ್ದೇನೆ.