ಹತ್ತು ಗಂಟೆ ಊಟ

ಶುಕ್ರವಾರ ರಾತ್ರಿ ಮಗಳು ಫೋನ್ ಮಾಡಿದಳು. "ಅಮ್ಮಾ, ಭಾನುವಾರ ಬೆಳಗ್ಗೆ ಒಲೆ ಹಚ್ಚಬೇಡ. ಬ್ರಂಚ್‌ಗೆ ಹೋಗೋಣ."

ಅವಳು ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲೇ ಪಿಜಿಯಲ್ಲಿ ಇದ್ದಾಳೆ. ಗಿರಿನಗರದ ನಮ್ಮ ಮನೆಗೆ ಬರುವುದು ಶನಿವಾರ, ಭಾನುವಾರ ಮಾತ್ರ. ಬರುವಾಗ ಒಗೆಯೋ ಬಟ್ಟೆಯ ಒಂದು ಮೂಟೆ, ಹೊಸದೊಂದು ಪದ, ಎರಡನ್ನೂ ತಪ್ಪದೆ ತರುತ್ತಾಳೆ.

ಪಕ್ಕದಲ್ಲೇ ಹೂಬತ್ತಿ ಮಾಡುತ್ತ ಕೂತಿದ್ದ ನಮ್ಮಮ್ಮನಿಗೆ ಕಿವಿ ಚುರುಕು. ಫೋನಿನ ಸ್ಪೀಕರ್ ಬೇರೆ ಆನ್ ಇತ್ತು.

"ಬ್ರಂಚ್ ಅಂದ್ರೇನೇ ಪುಟ್ಟಿ?"

"ತಿಂಡಿ, ಊಟ ಎರಡೂ ಸೇರಿಸಿ ಒಂದೇ ಸಲ ತಿನ್ನೋದು ಅಜ್ಜಿ. ಹತ್ತು, ಹನ್ನೊಂದು ಗಂಟೆಗೆ."

"ಅಯ್ಯೋ, ಹತ್ತು ಗಂಟೆ ಊಟ ಅನ್ನು. ಅದಕ್ಕೊಂದು ಹೆಸರು ಬೇರೆ ಕೇಡು!"

ಅಮ್ಮ ಹೇಳಿದ್ದು ಸುಮ್ನೆ ತಮಾಷೆಗಲ್ಲ. ನಮ್ಮಪ್ಪ ಏಜಿ (ಅಕೌಂಟೆಂಟ್ ಜನರಲ್) ಆಫೀಸಿನಲ್ಲಿದ್ದರು. ನಾನು ಚಿಕ್ಕವಳಿದ್ದಾಗ ಭಾನುವಾರ ಒಂದು ಬಿಟ್ಟರೆ ಬೆಳಗಿನ ತಿಂಡಿ ಅನ್ನೋದೇ ನಮ್ಮ ಮನೆಯಲ್ಲಿ ಇರಲಿಲ್ಲ. ಎದ್ದ ಕೂಡಲೇ ಕಾಫಿ. ಒಂಬತ್ತಕ್ಕೆಲ್ಲ ತಟ್ಟೆ ಹಾಕಿದರೆ ಅನ್ನ, ಹುಳಿ, ಪಲ್ಯ, ಕೊನೆಗೆ ಮಜ್ಜಿಗೆ. ಅಷ್ಟು ಉಂಡು ಅಪ್ಪ ಬಸ್ ಸ್ಟಾಪಿಗೆ, ನಾನು ಸ್ಕೂಲಿಗೆ. ತಿಂಡಿ ಏನಿದ್ದರೂ ಮೂರು ಗಂಟೆ ಮೇಲೆ. ಹಳೇ ಬೆಂಗಳೂರಿನ ಎಷ್ಟೋ ಆಫೀಸು ಮನೆಗಳ ಗಡಿಯಾರ ಹೀಗೇ ಓಡುತ್ತಿತ್ತು. ಡಬ್ಬಿ ಕಟ್ಟುವ ರಗಳೆ ಇರಲಿಲ್ಲ. ಅಪ್ಪ ಹೋಗಿ ಹತ್ತು ವರ್ಷ ಆಯಿತು, ಅಮ್ಮ ನಮ್ಮ ಜೊತೆಗೇ ಇದ್ದಾಳೆ, ಆದರೂ ಮೂರು ಗಂಟೆ ಹೊಡೆದರೆ ಈಗಲೂ ಅವಳ ಕಾಲು ಅಡುಗೆಮನೆ ಕಡೆ ತಿರುಗುತ್ತದೆ.

ಮಗಳು ಬಿಡುತ್ತಾಳಾ? ಫೋನಿನಲ್ಲಿ ಹುಡುಕಿ ಓದಿಯೇ ಬಿಟ್ಟಳು. ಈ ಪದ 1895ರಲ್ಲೇ ಇಂಗ್ಲೆಂಡಿನ ಒಂದು ಪತ್ರಿಕೆಯಲ್ಲಿ ಬಂದಿತ್ತಂತೆ. ಶನಿವಾರ ರಾತ್ರಿ ಕುಡಿದು ಕುಣಿದು ಬಂದವರು ಭಾನುವಾರ ಬೇಗ ಏಳೋದು ಕಷ್ಟ, ಹಾಗಾಗಿ ತಡವಾಗಿ ಒಂದೇ ಸಲ ತಿನ್ನಲಿ ಅಂತ ಬರೆದವನ ವಾದ. ಅಮ್ಮ ಬತ್ತಿ ಹೊಸೆಯೋದು ನಿಲ್ಲಿಸಲಿಲ್ಲ. "ನೋಡು, ನಿಮ್ಮಜ್ಜ ಕುಡೀದೇನೇ ಉಂಡ್ರು," ಅಂದಳು.

ಹೋಗೋದೆಲ್ಲಿಗೆ ಅನ್ನೋದು ಆಮೇಲಿನ ಜಗಳ. ಹೋದ ತಿಂಗಳು ಮಗಳು ಒಂದು ದೊಡ್ಡ ಹೋಟೆಲಿನ ಬ್ರಂಚ್ ಬಫೆಗೆ ಕರೆದುಕೊಂಡು ಹೋಗಿದ್ದಳು. ತಲೆಗೆ 1800 ರೂಪಾಯಿ. ಹೆಸರು ಬೇಡ ಬಿಡಿ. ಅಮ್ಮ ಪ್ರತಿ ಪಾತ್ರೆಯ ಮುಂದೆ ನಿಂತು "ಇದಕ್ಕೆ ಮೊಟ್ಟೆ ಹಾಕಿದೀರಾ?" ಅಂತ ಕೇಳಿ, ಕೊನೆಗೆ ಮೊಸರನ್ನ, ಎರಡು ಚೂರು ಕಲ್ಲಂಗಡಿ ತಿಂದು ಎದ್ದಳು. ಕೊಟ್ಟ ದುಡ್ಡು ವಸೂಲಾಗಬೇಕು ಅಂತ ನಾನು ತಿಂದು ತಿಂದು ಸೋಮವಾರ ರಜೆ ಹಾಕಿದೆ.

"ಈ ಸಲ ಎಂಟಿಆರ್," ಅಂದೆ ನಾನು. ಲಾಲ್‌ಬಾಗ್ ರಸ್ತೆಯ ಹಳೇ ಹೋಟೆಲು, ಮಾವಳ್ಳಿ ಟಿಫಿನ್ ರೂಮ್ಸ್.

ನಮ್ಮನೆಯವರಿಗೆ ಇದು ಒಪ್ಪಿಗೆ ಇಲ್ಲ. ಅವರು ವಿದ್ಯಾರ್ಥಿ ಭವನದ ಪಾರ್ಟಿ. 1943ರಿಂದ ಗಾಂಧಿ ಬಜಾರಿನಲ್ಲಿರೋ ಹೋಟೆಲು. ತೋಳಿನ ಉದ್ದಕ್ಕೂ ದೋಸೆ ತಟ್ಟೆ ಜೋಡಿಸಿಕೊಂಡು ಬರುವ ಅಲ್ಲಿನ ಸಪ್ಲೈಯರ್‌ಗಳನ್ನು ನೋಡಿದರೇ ಅರ್ಧ ಹೊಟ್ಟೆ ತುಂಬುತ್ತೆ ಅನ್ನುತ್ತಾರೆ. ನಾನು ಅವರ ಜೊತೆ ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಅಮ್ಮನಿಗೆ ರವೆ ಇಡ್ಲಿ ಬೇಕು. ಹಾಗಾಗಿ ಅವರು ಮನೆಯಲ್ಲೇ ಕ್ರಿಕೆಟ್ ನೋಡುತ್ತ ಉಳಿದರು. ನಾವು ಮೂವರು ಹೆಂಗಸರು ಆಟೋ ಹತ್ತಿದೆವು.

ಮಗಳು ಹನ್ನೊಂದೂವರೆಗೆ ಹೋಗೋಣ ಅಂದಿದ್ದಳು. ಆಗದು ಅಂದೆ. ನಮ್ಮೂರಿನ ಹಳೇ ಹೋಟೆಲುಗಳಿಗೆ ಬ್ರಂಚ್ ಆಗಿಬರೋದಿಲ್ಲ. ಹನ್ನೊಂದು, ಹನ್ನೊಂದೂವರೆಗೆಲ್ಲ ತಿಂಡಿ ಬಂದ್. ಊಟ ಶುರುವಾಗೋದು ಹನ್ನೆರಡೂವರೆ ಹೊತ್ತಿಗೆ, ಅದೂ ಊಟ ಇರೋ ಕಡೆ. ಮಧ್ಯೆ ನೆಲ ಒರೆಸಬೇಕು, ಕಾವಲಿ ಇಳಿಸಿ ಅನ್ನದ ಪಾತ್ರೆ ಏರಿಸಬೇಕು, ಬೆಳಗಿನ ಜಾವದಿಂದ ನಿಂತವರು ತಾವೂ ನಾಲ್ಕು ತುತ್ತು ತಿನ್ನಬೇಕು. ಬ್ರಂಚ್‌ನವರು ಬಾಯಿ ತೆರೆಯೋ ಹೊತ್ತಿಗೇ ಇವರು ಬಾಗಿಲು ಹಾಕುತ್ತಾರೆ. ನನಗಂತೂ ಇದರಲ್ಲಿ ಒಂಥರಾ ಖುಷಿ. ನಮ್ಮ ಹೊಟ್ಟೆ ಹೇಳಿದ ಹಾಗೆಲ್ಲ ಊರು ಕುಣಿಯಬಾರದು, ಅಲ್ವಾ?

ಲಾಲ್‌ಬಾಗ್ ರಸ್ತೆಯಲ್ಲಿ ಇಳಿದಾಗ 9:50. ಫುಟ್‌ಪಾತಿನ ಮೇಲೆ ಆಗಲೇ ಜಾತ್ರೆ. ಹೆಸರು ಬರೆಸಿದೆ, "ಮೂರು ಜನ" ಅಂದೆ. ಭಾನುವಾರ ಮೂರು ಜನ ಇರೋದು ಒಳ್ಳೆಯದು. ಎಂಟು ಜನ ಬಂದವರು ಎರಡು ಮೇಜಿಗೆ ಕಾಯಬೇಕು. ನಮ್ಮಂಥವರು ಎಲ್ಲಾದರೂ ತೂರಿಕೊಳ್ಳಬಹುದು.

ಕಾಯುವುದೂ ಒಂದು ಕಾರ್ಯಕ್ರಮವೇ. ಜಾಗಿಂಗ್ ಶೂ ಹಾಕಿಕೊಂಡು ಲಾಲ್‌ಬಾಗಿನಿಂದ ನೇರ ಬಂದ ಹಿರಿಯರ ಗುಂಪು ಒಂದು. ಅವರು ನಡೆದು ಕರಗಿಸಿದ್ದನ್ನು ತುಪ್ಪದಲ್ಲಿ ವಾಪಸ್ ತುಂಬಿಕೊಳ್ಳಲು ಬಂದವರು. ಟ್ರಾಲಿ ಸೂಟ್‌ಕೇಸಿನ ಜೊತೆಗೇ ಬಂದ ಗಂಡ ಹೆಂಡತಿ, ಪಾಪ, ರೈಲಿಗೆ ಟೈಮ್ ನೋಡುತ್ತಲೇ ಇದ್ದರು. ಹೆಸರು ಕೂಗುವ ಒಂದೊಂದು ಸಲವೂ ಇಡೀ ಗುಂಪು ಒಮ್ಮೆ ಕತ್ತು ಚಾಚಿ, ಮತ್ತೆ ಒಳಗೆಳೆದುಕೊಳ್ಳುತ್ತಿತ್ತು. ಅಮ್ಮನಿಗೆ ಯಾರೋ ಕುರ್ಚಿ ಬಿಟ್ಟುಕೊಟ್ಟರು. ಐದೇ ನಿಮಿಷದಲ್ಲಿ ಅವಳು ಪಕ್ಕದಲ್ಲಿ ಕೂತ ಚಿಕ್ಕಮಗಳೂರಿನ ಹೆಂಗಸಿನ ಮಗಳ ಮದುವೆ ಎಲ್ಲಿ, ಛತ್ರದ ಬಾಡಿಗೆ ಎಷ್ಟು ಅನ್ನೋವರೆಗೆ ತಿಳಿದುಕೊಂಡಿದ್ದಳು.

ಹತ್ತೂ ಮೂವತ್ತೈದಕ್ಕೆ ನಮ್ಮನ್ನು ಕೂಗಿದರು.

"ಏನ್ ಕೊಡ್ಲಿ ಅಮ್ಮ?" ಅಂತ ಕೇಳಿದ ಸಪ್ಲೈಯರ್, ಉತ್ತರಕ್ಕೂ ಕಾಯದೆ ರವೆ ಇಡ್ಲಿಯಿಂದ ಖಾರಾಬಾತ್‌ವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

"ಇಡ್ಲಿ ಬಿಸಿ ಇದೆಯಾಪ್ಪ?" ಅಂತ ಅಮ್ಮ.

"ಅಜ್ಜಿ, ಭಾನುವಾರ ಇಲ್ಲಿ ಆರೋಕೆ ಟೈಮೇ ಸಿಗಲ್ಲ."

ರವೆ ಇಡ್ಲಿ ಬಂತು. ಮೇಲೆ ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಚಟ್ನಿ, ಪುಟ್ಟ ಬಟ್ಟಲಿನಲ್ಲಿ ತುಪ್ಪ. ಅಮ್ಮ ತುಪ್ಪವನ್ನು ಪೂರ್ತಿ ಸುರಿದುಕೊಂಡಳು. ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ನಾನೂ ಎತ್ತಲಿಲ್ಲ. ಇಡ್ಲಿಯನ್ನು ಬೆರಳಿನಲ್ಲಿ ಮುರಿದು ಒಳಗೆ ಅರಳಿದ ರವೆಯನ್ನು ನೋಡಿ, "ಮನೇಲಿ ಎಷ್ಟು ಮಾಡಿದ್ರೂ ಹೀಗೆ ಬರಲ್ಲ ಕಣೇ" ಅಂದಳು. ಪ್ರತಿ ಸಲವೂ ಹೇಳುತ್ತಾಳೆ.

ಇದು ಯುದ್ಧಕಾಲದ ಇಡ್ಲಿ ಅಂತ ಮಗಳಿಗೆ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಬರ್ಮಾ ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಇಡ್ಲಿಗೆ ಅಕ್ಕಿ ಇಲ್ಲ. ಆಗ ಈ ಹೋಟೆಲಿನವರು ರವೆಯಲ್ಲಿ ಪ್ರಯತ್ನ ಮಾಡಿದರು, ಅದೇ ನಿಂತುಬಿಟ್ಟಿತು.

"ಹಾಗಾದ್ರೆ ಇದು ಅಡ್ಜಸ್ಟ್ ಮಾಡ್ಕೊಂಡ ಇಡ್ಲಿ," ಅಂದಳು ಮಗಳು, ದೋಸೆ ಮುರಿಯುತ್ತ. ಇಲ್ಲಿನ ದೋಸೆ ದಪ್ಪ, ಕಂದು ಬಣ್ಣ, ಅಂಚು ಗರಿಗರಿ. ಗಾಂಧಿ ಬಜಾರಿನದಕ್ಕೆ ಹೋಲಿಸಬಾರದು. ಹೋಲಿಸಿದರೆ ನಮ್ಮ ಮನೆಯಲ್ಲಿ ಶಾಂತಿ ಇರೋದಿಲ್ಲ.

ಅಮ್ಮನಿಗೆ ಎಂಟಿಆರ್ ಅಂದರೆ ಎಮರ್ಜೆನ್ಸಿಯ ಕಾಲವೂ ನೆನಪು. 1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ ಹೋಟೆಲು ಈ ಲಾಲ್‌ಬಾಗ್ ರಸ್ತೆಗೆ ಬಂದದ್ದು 1960ರಲ್ಲಿ. ಎಮರ್ಜೆನ್ಸಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರ ಇಳಿಸಿತು. ಇವರು ತುಪ್ಪ, ಬೇಳೆ ಯಾವುದರಲ್ಲೂ ಕೈ ಹಿಡಿಯಲಿಲ್ಲ, ದಿನದಿನದ ನಷ್ಟವನ್ನು ಹೊರಗೆ ಬೋರ್ಡಿನ ಮೇಲೆ ಬರೆದು ಹಾಕುತ್ತಿದ್ದರು. "ನಿಮ್ಮಜ್ಜ ಆ ಬೋರ್ಡ್ ಓದಿ ಬಂದು ಮನೇಲಿ ಹೇಳೋರು," ಅಂದಳು ಅಮ್ಮ. "ಓದಿ ಸುಮ್ನೆ ಬರ್ತಿದ್ರಾ, ತಿಂದು ಬರ್ತಿದ್ರಾ?" ಅಂತ ಮಗಳು ಕೇಳಿದಳು. ಅಮ್ಮನಿಗೆ ಆ ಪ್ರಶ್ನೆ ಇಷ್ಟು ವರ್ಷ ಹೊಳೆದಿರಲಿಲ್ಲ ಅಂತ ಕಾಣುತ್ತೆ. ಸಾಗು ನೆಕ್ಕುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದಳು. "ತಿಂದೇ ಬಂದಿರ್ತಾರೆ, ಕಳ್ಳ!"

ಹೋಟೆಲ್ ನಡೆಸೋದು ಕಷ್ಟವಾದ ಆ ಸಮಯದಲ್ಲೇ ಇವರು ರವೆ ಇಡ್ಲಿ ಮಿಕ್ಸ್‌ನಂಥ ಪುಡಿಗಳನ್ನು ಪ್ಯಾಕೆಟ್ ಮಾಡಿ ಮಾರೋದಕ್ಕೆ ಇಳಿದದ್ದು. ಇನ್ನೊಂದು ವಿಷಯ, ತುಂಬ ಜನ ತಪ್ಪು ತಿಳಿಯುತ್ತಾರೆ. ಅಂಗಡಿಯಲ್ಲಿ ಸಿಗುವ ಎಂಟಿಆರ್ ಪ್ಯಾಕೆಟ್ಟಿನ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಹೋಟೆಲು ಮಾತ್ರ ಮಯ್ಯರ ಮನೆಯವರ ಕೈಯಲ್ಲೇ ಇದೆ.

ಕೊನೆಗೆ ಚಂದ್ರಹಾರ. ಭಾನುವಾರದ ಸಿಹಿ ಅದು. ಪದರ ಪದರವಾಗಿ ಮಡಿಸಿ ಕರಿದದ್ದು, ಮೇಲೆ ಖೋವಾದ ಸಿಹಿ ರಸ. ಮೂವರಿಗೂ ಸೇರಿ ಒಂದು ತರಿಸಿದೆವು. "ನಂಗೆ ಬೇಡ, ಶುಗರ್ರು" ಅಂದ ಅಮ್ಮ ಅರ್ಧ ತಿಂದಳು. ಬೆಳ್ಳಿ ಲೋಟದಲ್ಲಿ ಕಾಫಿ ಬಂದಾಗ ಮಗಳು ಫೋಟೋ ತೆಗೆಯಲು ಹೋದಳು. "ನೊರೆ ಇಳಿಯುತ್ತೆ, ಮೊದಲು ಕುಡಿ" ಅಂತ ಬೈಸಿಕೊಂಡಳು.

ಹೊರಗೆ ಬಂದು ಲಾಲ್‌ಬಾಗಿನಲ್ಲಿ ಒಂದು ಬೆಂಚು ಹಿಡಿದೆವು. ಅಮ್ಮ ಕೂತಲ್ಲೇ ತೂಕಡಿಸಿದಳು. ನಾನೂ.

ಮನೆ ಸೇರಿದಾಗ ಒಂದು ಗಂಟೆ. ನಮ್ಮನೆಯವರು ನಿನ್ನೆಯ ಸಾರು ಬಿಸಿ ಮಾಡಿಕೊಂಡು ಉಂಡಿದ್ದರು. ಇನ್ನು ರಾತ್ರಿವರೆಗೆ ಯಾರಿಗೂ ಏನೂ ಬೇಡ ಅಂತ ಹೇಳಿ ಮಲಗಿದೆ. ಎಚ್ಚರವಾದದ್ದು ಸಾಸಿವೆ ಸಿಡಿಯೋ ಸದ್ದಿಗೆ. ಗಡಿಯಾರ ನೋಡಿದರೆ ಮೂರೂ ಹತ್ತು.

"ಅಜ್ಜಿ, ಹೊಟ್ಟೇಲಿ ಜಾಗ ಎಲ್ಲಿದೆ?" ಅಂತ ಮಗಳ ದನಿ.

"ಊಟ ಹತ್ತು ಗಂಟೆಗೆ ಆಯ್ತಲ್ಲ. ಇದು ತಿಂಡಿ."

ಒಗ್ಗರಣೆ ಅವಲಕ್ಕಿ, ಮೇಲೆ ಕಾಯಿತುರಿ. ಮಗಳು ಬೇಡ ಬೇಡ ಅಂತಲೇ ಎರಡು ಸಲ ಹಾಕಿಸಿಕೊಂಡಳು. ನಮ್ಮನೆಯವರು ತಟ್ಟೆ ಹಿಡಿದುಕೊಂಡು, ಮುಂದಿನ ಭಾನುವಾರ ಗಾಂಧಿ ಬಜಾರಿಗೆ ಎಷ್ಟು ಗಂಟೆಗೆ ಹೊರಡಬೇಕು ಅಂತ ಅಮ್ಮನಿಗೆ ಹೇಳುತ್ತಿದ್ದರು.